ಸಿಲ್ವರ್ ಗಿಡ: ಎದೆಮಟ್ಟದ್ದು ತರಲಾ, ಮೊಣಕಾಲುದ್ದದ್ದು ಸಾಕಾ?

ಪ್ರಶ್ನೆ: ಈ ಮಳೆಗಾಲಕ್ಕೆ ಕಾಫಿ ತೋಟದಲ್ಲಿ ಇನ್ನೂರು ಸಿಲ್ವರ್ ಓಕ್ ನೆಡಬೇಕು ಅಂತಿದ್ದೀನಿ. ನರ್ಸರಿಯಲ್ಲಿ ಒಂದಡಿ ಗಿಡವೂ ಇದೆ, ನಾಲ್ಕಡಿ ಗಿಡವೂ ಇದೆ. ದುಡ್ಡು ಹೋದ್ರೆ ಹೋಗ್ಲಿ, ದೊಡ್ಡದನ್ನೇ ತಂದ್ರೆ ಮೆಣಸಿನ ಬಳ್ಳಿ ಒಂದು ವರ್ಷ ಮೊದಲೇ ಹಬ್ಬಿಸಬಹುದು ಅಲ್ವಾ?

ಬೇಡ. ಒಂದಡಿಯದ್ದು ತನ್ನಿ.

ಉತ್ತರ ಇಷ್ಟೇ. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಗುಂಡಿ ತೆಗೆಸುವ ಹೊತ್ತು ಬಂತು ಅಂದ್ರೆ ಸಾಕು, ಪ್ರತಿ ವರ್ಷ ಇದೇ ಪ್ರಶ್ನೆ. ಮೂಡಿಗೆರೆಯಿಂದ ಒಬ್ಬರು, ಸಕಲೇಶಪುರದಿಂದ ಒಬ್ಬರು, ಆಲ್ದೂರು ಕಡೆಯಿಂದ ಇಬ್ಬರು. ಬೇಡ ಅಂದಾಗ ಎಲ್ಲರೂ ತಲೆಯಾಡಿಸುತ್ತಾರೆ. ಜೂನ್ ಬಂದಾಗ ಪಿಕಪ್ ತುಂಬ ಎದೆಮಟ್ಟದ ಗಿಡವೇ ಬಂದು ಇಳಿಯುತ್ತದೆ. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

"ನರ್ಸರಿಯವರು ಒಂದು ವರ್ಷ ಸಾಕಿದ್ದಾರೆ, ನಮಗೆ ಆ ಒಂದು ವರ್ಷ ಉಳೀತು." ಇದು ಎಲ್ಲರ ಲೆಕ್ಕ. ಲೆಕ್ಕ ಹಾಕಿದ್ದು ಮಣ್ಣಿನ ಮೇಲಿರುವುದಕ್ಕೆ ಮಾತ್ರ. ಸಿಲ್ವರ್‌ನ ತಾಯಿಬೇರು ಸೀದಾ ಕೆಳಗೆ ಇಳಿಯುವ ಜಾತಿ. ತೊಟ್ಟೆಯ, ಅಂದ್ರೆ ನರ್ಸರಿಯ ಪ್ಲಾಸ್ಟಿಕ್ ಚೀಲದ ಆಳವೋ, ಒಂದು ಗೇಣು. ಬೇರು ಕೆಲವೇ ತಿಂಗಳಲ್ಲಿ ತಳ ಮುಟ್ಟುತ್ತದೆ. ಮುಂದೆ ದಾರಿ ಇಲ್ಲ. ಆಗ ಪಕ್ಕಕ್ಕೆ ತಿರುಗಿ ಸುತ್ತು ಹಾಕಲು ಶುರು ಮಾಡುತ್ತದೆ. ಮೇಲೆ ಗಿಡ ಎದೆಮಟ್ಟ ಬರುವಷ್ಟರಲ್ಲಿ ಕೆಳಗೆ ಮೂರ್ನಾಲ್ಕು ಸುತ್ತು ಆಗಿರುತ್ತದೆ. ನೀವು ಜಾಸ್ತಿ ದುಡ್ಡು ಕೊಟ್ಟು ತರುವುದು ಈ ಸುತ್ತನ್ನೇ.

ನಾನೂ ಈ ತಪ್ಪು ಮಾಡಿದವನೇ. ಹಳ್ಳದ ಮೇಲಿನ ಅಂಚಿಗೆ ಎರಡು ಸಾಲು, ಒಟ್ಟು ನಲವತ್ತು ಗಿಡ, ಎಲ್ಲವೂ ದೊಡ್ಡವು. ನೋಡಿದವರೆಲ್ಲ ಭೇಷ್ ಅಂದರು. ಏಳನೇ ವರ್ಷ ಜುಲೈನಲ್ಲಿ ಒಂದು ರಾತ್ರಿ ಗಾಳಿ ಎದ್ದಿತು. ಬೆಳಗ್ಗೆ ಕೊಡೆ ಹಿಡಿದು ಹೋಗಿ ನೋಡಿದರೆ ಹನ್ನೊಂದು ಮರ ಮಲಗಿದ್ದವು. ಅವುಗಳ ಮೇಲೆ ಫಸಲು ಕಚ್ಚಿದ್ದ ಬಳ್ಳಿ, ಕೆಳಗೆ ನುಜ್ಜಾದ ಕಾಫಿ ಗಿಡ. ಒಂದು ಮರದ ಬುಡದ ಮಣ್ಣು ಕೆರೆದು ನೋಡಿದೆ. ಚಕ್ಕುಲಿ! ಹೆಬ್ಬೆರಳು ಗಾತ್ರದ ಬೇರುಗಳು ಒಂದರ ಮೇಲೊಂದು ಸುತ್ತಿ ಒಂದೇ ಗಂಟಾಗಿದ್ದವು. ಆ ಗಂಟು ದಾಟಿ ಕೆಳಗೆ ಇಳಿದ ದಪ್ಪ ಬೇರು ಒಂದೂ ಇರಲಿಲ್ಲ. ತೊಟ್ಟೆ ಹರಿದು ಬಿಸಾಕಿ ಏಳು ವರ್ಷ ಆಗಿತ್ತು. ಬೇರು ಮಾತ್ರ ಇನ್ನೂ ತೊಟ್ಟೆಯ ಆಕಾರದಲ್ಲೇ ಇತ್ತು.

"ಮಣ್ಣಿಗೆ ಬಿದ್ದ ಮೇಲೆ ಬೇರು ತಾನಾಗೇ ಬಿಚ್ಕೊಳ್ಳುತ್ತೆ ಬಿಡಿ" ಅನ್ನುವವರಿದ್ದಾರೆ. ಬಿಚ್ಚಿಕೊಳ್ಳುವುದಿಲ್ಲ. ಬಲಿತ ಬೇರು ಅಂದ್ರೆ ಕಟ್ಟಿಗೆ. ಬಾಗಿದ ಕಟ್ಟಿಗೆ ನೆಟ್ಟಗಾಗುತ್ತದಾ? ವರ್ಷ ವರ್ಷ ದಪ್ಪ ಆಗುತ್ತಾ ಒಂದು ಸುತ್ತು ಇನ್ನೊಂದನ್ನು ಹಿಸುಕುತ್ತದೆ, ಅಷ್ಟೇ. "ಪಕ್ಕದ ತೋಟದವರು ದೊಡ್ಡದೇ ನೆಟ್ಟರು, ಚೆನ್ನಾಗೇ ನಿಂತಿದೆಯಲ್ಲ" ಅನ್ನುತ್ತಾರೆ ಇನ್ನು ಕೆಲವರು. ನಿಂತಿದ್ದು ಕಣ್ಣಿಗೆ ಕಾಣುತ್ತದೆ. ಬಿದ್ದಿದ್ದು ಆವತ್ತೇ ಸೌದೆ ಆಗಿ ಕೆಲಸದವರ ಲೈನ್ ಮನೆಗೆ ಹೋಗಿರುತ್ತದೆ. ಅದನ್ನು ಎಣಿಸಿದವರು ಯಾರು?

ಹೋಗಲಿ, ಆ ಒಂದು ವರ್ಷವಾದರೂ ಉಳಿಯುತ್ತದಾ? ಅದೂ ಇಲ್ಲ. ನಾಲ್ಕಡಿ ಗಿಡದ ಸೊಪ್ಪಿಗೆ ಬೇಕಾದಷ್ಟು ನೀರನ್ನು ಗೇಣುದ್ದದ ಬೇರಿನ ಗಂಟು ಎಳೆದು ಕೊಡಲಾರದು. ಮೊದಲ ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ನೆ ನಿಲ್ಲುತ್ತದೆ. ಆಮೇಲೆ ಒಮ್ಮೆ ಎರಡನ್ನೂ ಪಕ್ಕಪಕ್ಕ ನೆಟ್ಟು ನೋಡಿದೆ. ಮೂರನೇ ಮಳೆಗಾಲದ ಹೊತ್ತಿಗೆ ಯಾವುದು ದೊಡ್ಡದಾಗಿ ಬಂದಿದ್ದು, ಯಾವುದು ಚಿಕ್ಕದು ಅಂತ ನನಗೇ ಗುರುತು ಸಿಗಲಿಲ್ಲ.

ನರ್ಸರಿಗೆ ಹೋದಾಗ ಗಿಡದ ತುದಿ ನೋಡಬೇಡಿ, ತಳ ನೋಡಿ. ಒಂದು ಗಿಡದ ದುಡ್ಡು ಕೊಟ್ಟು ಅಲ್ಲೇ ತೊಟ್ಟೆ ಸೀಳಿಸಿ. ತಳದಲ್ಲಿ ಬಿಳಿ ಎಳೆ ಬೇರು ಆಗಷ್ಟೇ ಮುಖ ತೋರಿಸಿದ್ದರೆ ಆ ಸಾಲಿನ ಗಿಡ ತನ್ನಿ. ಕಂದು ಬಣ್ಣದ ಬೇರು ಸುತ್ತು ಹಾಕಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ. ಒಂದು, ಒಂದೂವರೆ ಅಡಿ ಎತ್ತರ ಸಾಕು. ನೆಡುವಾಗ ತೊಟ್ಟೆಯ ತಳದ ಒಂದಿಂಚನ್ನು ಮಣ್ಣು ಸಮೇತ ಕತ್ತಿಯಲ್ಲಿ ಕೊಯ್ದುಬಿಡಿ. ಅಲ್ಲಿ ಮಡಚಿಕೊಂಡಿದ್ದ ಬೇರಿನ ತುದಿ ಹೋಗಿ, ಹೊಸದು ನೇರ ಇಳಿಯುತ್ತದೆ. ಇದು ಎಳೆ ಗಿಡಕ್ಕೆ ಹೇಳಿದ್ದು. ಬಲಿತ ಸುತ್ತಿಗೆ ಕತ್ತಿ ಹಾಕಿದರೆ ಗಿಡವೇ ಹೋದೀತು.

ಉಳಿದದ್ದು ನಿಮಗೆ ಗೊತ್ತಿರುವುದೇ. ಒಂದೂವರೆ ಅಡಿ ಗುಂಡಿ, ಜೂನ್ ಮೊದಲ ಮಳೆ ಹಿಡಿದ ಕೂಡಲೇ ನಾಟಿ, ಗಾಳಿಗೆ ಅಲ್ಲಾಡದಂತೆ ಒಂದು ಗೂಟ, ಮಳೆ ನಿಂತ ಮೇಲೆ ಬುಡಕ್ಕೆ ದರಗು, ಅಂದ್ರೆ ಒಣ ಎಲೆ. ಗುಂಡಿಗೆ ರಂಜಕ ಇರುವ ಡಿಎಪಿ ಗೊಬ್ಬರ ಸುರಿಯುವವರನ್ನು ನೋಡಿದ್ದೇನೆ. ಅದು ಬೇಡ. ಸಿಲ್ವರ್‌ನ ಕುಟುಂಬದ ಮರಗಳಿಗೆ ಕುಂಚದ ಹಾಗೆ ಒತ್ತಾದ ಸಣ್ಣ ಬೇರುಗಳಿರುತ್ತವೆ. ಬಡ ಮಣ್ಣಿನಿಂದಲೂ ರಂಜಕ ಹೀರಲು ಇರುವ ಏರ್ಪಾಡು ಅದು. ಬಳ್ಳಿಯನ್ನು ಮೂರು ವರ್ಷ ತುಂಬಿದ ಮೇಲೆ ಮರದ ಬಡಗಣ ಮಗ್ಗುಲಿಗೆ ನೆಡಿ. ತೆಂಕಣ ಬಿಸಿಲಿಗೆ ಮರವೇ ಅಡ್ಡ ನಿಲ್ಲುತ್ತದೆ. ಕಡಿಯಲು ಅನುಮತಿ ಬೇಡದ ಮರ ಅಂತ ತೋಟವಿಡೀ ಸಿಲ್ವರ್ ಮಾಡಲೂ ಹೋಗಬೇಡಿ. ಅತ್ತಿ, ಬಸರಿ, ಹಲಸು ನಡುವೆ ಇರಲಿ. ಅರೇಬಿಕಾ ಕಾಫಿಗೆ ನೆರಳು ತೆಳುವಾದ ಕಡೆ ಬಿಳಿ ಕಾಂಡಕೊರಕ ಹುಳು ಜಾಸ್ತಿ.

ಅಂದಹಾಗೆ, ಯಾರೂ ಕೇಳದ ಪ್ರಶ್ನೆ ಒಂದಿದೆ. ಸಿಲ್ವರ್ ಓಕ್, ಓಕ್ ಮರವಾ? ಅಲ್ಲವೇ ಅಲ್ಲ. ಇದು ಪೂರ್ವ ಆಸ್ಟ್ರೇಲಿಯಾದ ಗ್ರೆವಿಲಿಯಾ, ಮೆಕಡೇಮಿಯಾ ಬೀಜದ ಮರಕ್ಕೆ ನೆಂಟ. ಹಲಗೆ ಕೊಯ್ದಾಗ ಓಕ್ ಹಲಗೆಯಂತೆ ಮಿನುಗುವ ಗೆರೆ ಕಾಣುತ್ತದೆ, ಎಲೆ ಮಗುಚಿದರೆ ಬೆಳ್ಳಿ ಬಣ್ಣ. ಹೆಸರು ಬಂದದ್ದು ಹಾಗೆ. ನಿಜವಾದ ಓಕ್‌ನ ಕಾಯಿ ಪುಟ್ಟ ಬಟ್ಟಲಲ್ಲಿ ಕೂತಿರುತ್ತದೆ. ನಮ್ಮ ಸಿಲ್ವರ್‌ನ ಒಣಗಿದ ಕಾಯಿ ಒಡೆದರೆ ಸಿಗುವುದು ರೆಕ್ಕೆ ಇರುವ ತೆಳ್ಳನೆ ಬೀಜ.

ನಿಜವಾದ ಓಕ್‌ನದ್ದೂ ಬೇರಿನ ವಿಷಯದಲ್ಲಿ ಇದೇ ಹಟ, ಇನ್ನೂ ಒಂದು ಕೈ ಜಾಸ್ತಿ. ಎಲೆ ಮೂಡುವ ಮೊದಲೇ ಬೀಜದಿಂದ ಬೇರು ಕೆಳಗೆ ಓಡುತ್ತದೆ. ಆದ್ದರಿಂದ ಮರ ಎಲ್ಲಿ ಬೇಕೋ ಅಲ್ಲೇ ಬೀಜವನ್ನು ಅಡ್ಡ ಮಲಗಿಸಿ ಒಂದಿಂಚು ಮಣ್ಣು ಮುಚ್ಚುವುದು ವಾಸಿ. ಇಲಿ, ಅಳಿಲು ಬರದಂತೆ ಮೇಲೆ ತಂತಿ ಬಲೆ ಇರಬೇಕು. ಬೀಜ ಒಣಗಿದರೆ ಸತ್ತಿತು. ನಮ್ಮ ಪರಿಚಯದ ಹುಡುಗ ಮಸ್ಸೂರಿ ಪ್ರವಾಸದಿಂದ ಒಂದು ಹಿಡಿ ತಂದಿದ್ದ. "ಅಂಕಲ್, ನಮ್ ತೋಟದಲ್ಲಿ ಬರುತ್ತಾ?" ಮಸ್ಸೂರಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ ಸುಮಾರು 1,930. ಅವರ ತೋಟ ಅದರ ಅರ್ಧದಷ್ಟು ಎತ್ತರದಲ್ಲಿದೆ. ಇದನ್ನೆಲ್ಲ ಹೇಳೋಣ ಅಂತ ಹೊರಟವನು, ಮೊದಲು ಒಂದು ಬೀಜ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಗಿಲಕಿಯ ಹಾಗೆ ಸದ್ದಾಯಿತು. ಮೂರು ತಿಂಗಳಿಂದ ಟೀವಿ ಪಕ್ಕದ ಗಾಜಿನ ಬಟ್ಟಲಲ್ಲಿ ಇಟ್ಟಿದ್ದರಂತೆ.

"ಅಲ್ಲೇ ಇಡಪ್ಪ, ಚೆನ್ನಾಗಿ ಕಾಣುತ್ತೆ" ಅಂದೆ.