ನಿದ್ದೆಯ ಮದ್ದೂ ಚಟದ ಭಯವೂ

‘ಡಾಕ್ಟರೇ, ಆ ಇಂಜೆಕ್ಷನ್ ಇವತ್ತೇ ನಿಲ್ಲಿಸಿಬಿಡಿ. ಚಟ ಹತ್ತಿಕೊಂಡರೆ ಗತಿಯೇನು?’ ಐಸಿಯು ಬಾಗಿಲಲ್ಲಿ ಈ ಮಾತು ಕೇಳದ ವಾರವಿಲ್ಲ.

ಕಳೆದ ಕೊಯ್ಲಿನಲ್ಲಿ ಅಡಿಕೆ ಮರದಿಂದ ಬಿದ್ದ ಕೊನೆಗಾರರೊಬ್ಬರು ನಮ್ಮಲ್ಲಿಗೆ ಬಂದರು. ಪಕ್ಕೆಲುಬುಗಳು ಮುರಿದು ಶ್ವಾಸಕೋಶ ಜಜ್ಜಿತ್ತು. 12 ದಿನ ವೆಂಟಿಲೇಟರ್. ಅಷ್ಟೂ ದಿನ ನೋವಿಗೆ ಫೆಂಟನಿಲ್, ನಿದ್ದೆಗೆ ಮಿಡಜೋಲಾಮ್. ಮೊದಲ ದಿನ ಸಾಕಾಗಿದ್ದ ಪ್ರಮಾಣ ಐದನೆಯ ದಿನಕ್ಕೆ ಸಾಲಲಿಲ್ಲ. ಮದ್ದು ಹರಿಸುವ ಸಿರಿಂಜ್ ಪಂಪಿನ ಅಂಕಿ ಏರಿದ್ದನ್ನು ಕಂಡು ಅವರ ತಮ್ಮ ಗಾಬರಿಯಾದರು.

ಚಟವೆಂದರೆ ಕೆಡುಕಾಗುತ್ತದೆಂದು ತಿಳಿದೂ ಮದ್ದನ್ನು ಹುಡುಕಿಕೊಂಡು ಹೋಗುವುದು. ಎಚ್ಚರವೇ ಇಲ್ಲದೆ ಮಲಗಿದವರು ಏನನ್ನು ಹುಡುಕಿಯಾರು? ಅವರ ಮೈ ಮದ್ದಿಗೆ ಒಗ್ಗಿಕೊಂಡಿರುತ್ತದೆ, ಅಷ್ಟೇ. ಮದ್ದು ನರಗಳನ್ನು ತಗ್ಗಿಸಿದಷ್ಟೂ ಮಿದುಳು ತನ್ನ ಕಡೆಯಿಂದ ಚುರುಕು ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ. ಮದ್ದನ್ನು ತಟ್ಟನೆ ನಿಲ್ಲಿಸಿದರೆ ಆ ಚುರುಕಿಗೆ ತಡೆಯೇ ಇರುವುದಿಲ್ಲ. ಬೆವರು, ನಡುಕ, ಎದೆಬಡಿತ, ಭೇದಿ. ಮಿಡಜೋಲಾಮ್ ಆಗಿದ್ದರೆ ಫಿಟ್ಸ್ ಕೂಡ ಬಂದೀತು. ಬಿಡದೆ ಐದಾರು ದಿನ ಕೊಟ್ಟ ಮೇಲೆ ಇದು ಯಾರಿಗಾದರೂ ಆಗಬಹುದು. ಚಟಕ್ಕೆ ಹೆದರಿ ಒಮ್ಮೆಲೇ ನಿಲ್ಲಿಸಿ ಎನ್ನುವವರು ರೋಗಿಯನ್ನು ನೂಕುವುದು ಈ ಸಂಕಟಕ್ಕೇ.

ನಮ್ಮವರೂ ತಪ್ಪುತ್ತಾರೆ. ಗಂಟಲಿನ ನಳಿಕೆ ತೆಗೆದ ದಿನ ಎರಡೂ ಪಂಪುಗಳನ್ನು ಒಟ್ಟಿಗೆ ನಿಲ್ಲಿಸಿದ್ದರು. ರಾತ್ರಿ ನಾಡಿ 140, ದಿಂಬು ಬೆವರಿನಿಂದ ತೊಯ್ದಿತ್ತು. ಹೊಸ ಸೋಂಕಿರಬೇಕೆಂದು ನಾನು ರಕ್ತದ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಬರೆದೆ. ಪಾಳಿಯಲ್ಲಿದ್ದ ಸಿಸ್ಟರ್, ‘ಸರ್, ಒಂದೇ ಸಮನೆ ಆಕಳಿಸುತ್ತಿದ್ದಾರೆ. ತೋಳಿನ ರೋಮವೆಲ್ಲ ನಿಂತಿದೆ ನೋಡಿ’ ಎಂದರು. ಟಾರ್ಚ್ ಹಿಡಿದರೆ ಕಣ್ಣಿನ ಪಾಪೆಗಳು ಅರಳಿದ್ದವು. ಇವೆಲ್ಲ ಫೆಂಟನಿಲ್ ತಟ್ಟನೆ ನಿಂತದ್ದರ ಗುರುತು. ಫೆಂಟನಿಲ್ ಸ್ವಲ್ಪ ಮತ್ತೆ ಶುರು ಮಾಡಿದೆವು. ಅರ್ಧ ಗಂಟೆಯಲ್ಲಿ ಕೈ ನಡುಕ ನಿಂತಿತು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಹಾಗೆಂದು ಸೋಂಕನ್ನು ಹುಡುಕದೆ ಬಿಡುವಂತಿಲ್ಲ, ಸೋಂಕೂ ಮದ್ದು ನಿಂತ ಸಂಕಟವೂ ಒಟ್ಟಿಗೇ ಇರಬಹುದು.

ಆಮೇಲೆ ಮಿಡಜೋಲಾಮನ್ನೂ ಮತ್ತೆ ಶುರು ಮಾಡಿ, ಎರಡೂ ಮದ್ದುಗಳನ್ನು ದಿನಕ್ಕೆ ಶೇ 10ರಿಂದ 20ರಷ್ಟು ಇಳಿಸುತ್ತಾ ಬಂದೆವು. ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಮೂತ್ರಪಿಂಡ, ಯಕೃತ್ತು ಸೋತಿದ್ದರೆ ಮದ್ದು ಮೈಯಲ್ಲೇ ಉಳಿಯುತ್ತದೆ. ಮನೆಗೆ ಹೊರಟಾಗ ಅವರ ಚೀಟಿಯಲ್ಲಿದ್ದ ನೋವಿನ ಮಾತ್ರೆ ಪ್ಯಾರಾಸಿಟಮಾಲ್ ಒಂದೇ.

ಹೊರಡುವ ಮುನ್ನ ತಮ್ಮ ನನ್ನನ್ನು ಪಕ್ಕಕ್ಕೆ ಕರೆದು, ‘ಅಣ್ಣ ದಿನಾ ರಾತ್ರಿ ಕುಡಿಯುತ್ತಿದ್ದ’ ಎಂದರು. ಮಿದುಳು ಮೊದಲೇ ಮದ್ಯಕ್ಕೆ ಒಗ್ಗಿದ್ದರಿಂದಲೂ ಮಿಡಜೋಲಾಮ್ ಅಷ್ಟೊಂದು ಬೇಕಾಗಿದ್ದೀತು. ಕುಡಿತವಿರಲಿ, ನಿದ್ದೆ ಮಾತ್ರೆಯಿರಲಿ, ದಯವಿಟ್ಟು ಮೊದಲ ದಿನವೇ ಹೇಳಿ. ನಾವು ಕೇಳುವುದು ಪಂಪಿನ ಅಂಕಿಗಾಗಿ. ಅದಕ್ಕೆ ಯಾರನ್ನೂ ಬೈಯುವುದಿಲ್ಲ.