ಬೆಂಕಿಯ ಅಂಚಿನಲ್ಲಿ ಒಂದು ಹಸಿರು

ಪಕ್ಕದ ಮನೆಯವರು ಹಳೇ ಅಡುಗೆಮನೆ ಒಡೆಸಿ ಹೊಸದು ಕಟ್ಟಿಸುತ್ತಿದ್ದಾರೆ. ಕಟ್ಟಿಸಲಿ. ಆದರೆ ಒಡೆದದ್ದೆಲ್ಲ ಕಾಂಪೌಂಡಿನ ಮೂಲೆಯಲ್ಲಿ ರಾಶಿಯಾಗುತ್ತದೆ, ಕತ್ತಲಾದ ಮೇಲೆ ಆ ರಾಶಿಗೆ ಬೆಂಕಿ ಬೀಳುತ್ತದೆ. ಬಾಗಿಲ ಚೌಕಟ್ಟು, ಪ್ಲೈವುಡ್, ಪೈಪಿನ ತುಂಡು, ವೈರಿನ ಸಿಂಬಿ, ಬಣ್ಣದ ಡಬ್ಬ, ಎಲ್ಲಾ ಸೇರಿಸಿ. ಕೇಳಲು ಹೋದರೆ, 'ಬೆಂಕಿಗೆ ಬಿದ್ದ ಮೇಲೆ ಇನ್ನೇನು ಉಳಿಯುತ್ತೆ, ಎಲ್ಲಾ ಶುದ್ಧ' ಅಂದರು.

ಈ ಮಾತು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಬೆಂಕಿ ಏನನ್ನೂ ಇಲ್ಲವಾಗಿಸುವುದಿಲ್ಲ. ಅಣುಗಳನ್ನು ಬಿಚ್ಚಿ ಬೇರೆ ಥರ ಜೋಡಿಸುತ್ತದೆ, ಅಷ್ಟೇ. ಹಳೇ ಬಣ್ಣದಲ್ಲಿದ್ದ ಸೀಸ ಸುಟ್ಟ ಮೇಲೂ ಸೀಸವೇ. ಗೆದ್ದಲು ಹಿಡಿಯದಿರಲಿ ಅಂತ ಕೆಲವು ಮರಕ್ಕೆ ತುಂಬಿದ ಆರ್ಸೆನಿಕ್ ಸುಟ್ಟ ಮೇಲೂ ಆರ್ಸೆನಿಕ್ಕೇ. ಒಂದಿಷ್ಟು ಹೊಗೆಯ ಜೊತೆ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಆಮೇಲೆ ಆ ಬೂದಿಯನ್ನು ಗೊಬ್ಬರ ಅಂತ ತರಕಾರಿ ಪಾತಿಗೆ ಹಾಕುವವರೂ ಇದ್ದಾರೆ.

ಆದರೆ ನಾನು ಹೇಳಹೊರಟದ್ದು ಸೀಸದ ಕಥೆಯಲ್ಲ. ಮೊನ್ನೆ ಗೋಡೆಯ ಈಚೆ ನಿಂತು ನೋಡುತ್ತಿದ್ದೆ. ಹಳದಿ ಜ್ವಾಲೆಯ ನಡುವೆ, ವೈರಿನ ಸಿಂಬಿ ಇದ್ದ ಕಡೆ ಮಾತ್ರ, ಅಂಚಿನಲ್ಲಿ ನವಿಲುಗರಿಯ ಬಣ್ಣ ಆಡುತ್ತಿತ್ತು. ಹಸಿರು, ಬುಡದಲ್ಲಿ ಸ್ವಲ್ಪ ನೀಲಿ. ನೋಡಲು ಬಹಳ ಚೆಂದ. ಆದರೆ ಅದರ ಅರ್ಥ ಗೊತ್ತಿದ್ದವರಿಗೆ ಮೈ ಜುಮ್ಮೆನ್ನುತ್ತದೆ.

1872ರಲ್ಲಿ ಬೈಲ್‌ಸ್ಟೈನ್ ಎಂಬ ರಸಾಯನ ವಿಜ್ಞಾನಿ ಒಂದು ಸರಳ ಪರೀಕ್ಷೆ ತೋರಿಸಿಕೊಟ್ಟ. ತಾಮ್ರವನ್ನು ಚೆನ್ನಾಗಿ ಕಾಯಿಸಿ, ಯಾವುದೋ ವಸ್ತುವಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಬೇಕು. ವಸ್ತುವಿನಲ್ಲಿ ಕ್ಲೋರಿನ್ ಅಥವಾ ಅದರ ದಾಯಾದಿಗಳಾದ ಬ್ರೋಮಿನ್, ಅಯೋಡಿನ್ ಇದ್ದರೆ ಜ್ವಾಲೆ ಹಸಿರಾಗುತ್ತದೆ. ಬರೀ ತಾಮ್ರಕ್ಕೆ ಈ ಬಣ್ಣ ಬರುವುದಿಲ್ಲ. ಅದು ಕ್ಲೋರಿನ್ ಜೊತೆ ಸೇರಿ ಆವಿಯಾದಾಗಲೇ ಬರುವುದು. (ಬೋರಾನ್ ಇದ್ದರೂ ಹಸಿರು ಬರುತ್ತದೆ, ಹಾಗಾಗಿ ಇದು ನೂರಕ್ಕೆ ನೂರು ಪುರಾವೆ ಅಲ್ಲ. ಮನೆಯಲ್ಲಿ ಮಾಡಿ ನೋಡಲೂ ಹೋಗಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.) ವೈರಿನ ಒಳಗೆ ತಾಮ್ರ, ಹೊರಗೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ. ನೆರೆಯವರು ತಮಗೆ ಗೊತ್ತಿಲ್ಲದೆ ದಿನಾ ಸಂಜೆ ಬೈಲ್‌ಸ್ಟೈನ್ ಪರೀಕ್ಷೆ ಮಾಡುತ್ತಿದ್ದರು!

ಪಿವಿಸಿಯ ತೂಕದಲ್ಲಿ ನೂರಕ್ಕೆ ಸುಮಾರು 57 ಭಾಗ ಕ್ಲೋರಿನ್ನೇ. ಇಂಗಾಲದ ಉದ್ದ ಸರಪಳಿ, ಒಂದು ಬಿಟ್ಟು ಒಂದು ಕೊಂಡಿಗೆ ಕ್ಲೋರಿನ್ ನೇತುಬಿದ್ದಿರುತ್ತದೆ. ಶಾಖ 200–300 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಒಂದು ಕ್ಲೋರಿನ್ ಪಕ್ಕದ ಹೈಡ್ರೋಜನ್ನಿನ ಕೈ ಹಿಡಿದು ಎದ್ದು ಹೋಗುತ್ತದೆ. ಅದು ಹೋದ ಜಾಗದ ಪಕ್ಕದ್ದು ಸಡಿಲವಾಗುತ್ತದೆ, ಅದೂ ಹೊರಡುತ್ತದೆ. ಬ್ಯಾಗಿನ ಜಿಪ್ ಒಂದು ಕಡೆ ಬಾಯಿ ಬಿಟ್ಟರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ಹೊರಗೆ ಬರುವುದು ಹೈಡ್ರೋಜನ್ ಕ್ಲೋರೈಡ್. ಅದಕ್ಕೆ ಬಣ್ಣವಿಲ್ಲ. ಮೂಗಿನ ಪಸೆಗೆ ತಾಗಿದ ಕೂಡಲೇ ಹೈಡ್ರೋಕ್ಲೋರಿಕ್ ಆಮ್ಲ. ಹೊಗೆ ಕಪ್ಪಗಿದ್ದರೆ ಮಾತ್ರ ಕೆಟ್ಟದ್ದು, ಬಿಳಿ ಆದರೆ ಪರವಾಗಿಲ್ಲ ಅನ್ನುವವರಿಗೆ ಇದನ್ನು ಹೇಳಬೇಕು. ಒಂದು ಕೆಜಿ ಶುದ್ಧ ಪಿವಿಸಿ ಸುಟ್ಟರೆ ಅರ್ಧ ಕೆಜಿಗಿಂತ ಜಾಸ್ತಿ ಈ ಅನಿಲ ಬರಬಹುದು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಇದೇ ಅನಿಲಕ್ಕಾಗಿ ನೆರೆಹೊರೆಯವರು ಹಿಂದೆಯೇ ಜಗಳ ಆಡಿದ್ದಾರೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಉಪ್ಪಿನಿಂದ ಸೋಡಾ ಎಂಬ ಕ್ಷಾರ (ಆಲ್ಕಲಿ) ತಯಾರಿಸುವ ಕಾರ್ಖಾನೆಗಳು ಹೈಡ್ರೋಜನ್ ಕ್ಲೋರೈಡನ್ನು ಹಾಗೇ ಗಾಳಿಗೆ ಬಿಡುತ್ತಿದ್ದವು. ಸುತ್ತಲಿನ ಮರ ಬೋಳಾದವು, ಬೆಳೆ ಸುಟ್ಟುಹೋಯಿತು. ಜನ ಕೋರ್ಟಿಗೆ ಹೋದರು. ಮಾಲೀಕರು ಚಿಮಣಿಯನ್ನು ಇನ್ನೂ ಎತ್ತರಕ್ಕೆ ಕಟ್ಟಿದರು, ಈ ಊರಿನ ಮರದ ಬದಲು ಮುಂದಿನ ಊರಿನ ಮರ ಒಣಗಿತು. 1836ರಲ್ಲಿ ವಿಲಿಯಂ ಗಾಸೇಜ್ ಎಂಬಾತ ಪಾಳುಬಿದ್ದ ಗಾಳಿಗಿರಣಿಯ ಗೋಪುರಕ್ಕೆ ಕಡ್ಡಿಪುರಳೆ ತುಂಬಿ, ಮೇಲಿನಿಂದ ನೀರು ಸುರಿದು, ಕೆಳಗಿನಿಂದ ಅನಿಲ ಬಿಟ್ಟ. ನೀರು ಅನಿಲವನ್ನು ಕುಡಿದುಬಿಟ್ಟಿತು. 1863ರ ಆಲ್ಕಲಿ ಕಾಯ್ದೆ, ಇಂಥ ಅನಿಲದಲ್ಲಿ ಶೇಕಡಾ 95ರಷ್ಟನ್ನು ಹಿಡಿಯಲೇಬೇಕು ಅಂದಿತು. ಆಮೇಲೆ ಸಿಕ್ಕ ಆಮ್ಲವನ್ನು ಏನು ಮಾಡುವುದು? ಹೊಳೆಗೆ ಬಿಟ್ಟರು, ಮತ್ತೇನು.

ಆಗ ಬಂದವನು ಹೆನ್ರಿ ಡೀಕನ್ ಎಂಬ ರಸಾಯನ ವಿಜ್ಞಾನಿ. 1860ರ ದಶಕದ ಕೊನೆಯಲ್ಲಿ ಆತ ಈ ಅನಿಲವನ್ನು ಗಾಳಿಯ ಜೊತೆ ಸೇರಿಸಿ, 400 ಡಿಗ್ರಿ ಆಸುಪಾಸಿನಲ್ಲಿ ತಾಮ್ರದ ಲವಣದ ಮೇಲೆ ಹಾಯಿಸಿದ. ಹೊರಗೆ ಕ್ಲೋರಿನ್ ಬಂತು. ತಾಮ್ರ ಇಲ್ಲಿ ದಲ್ಲಾಳಿ. ಒಂದು ಕೈಯಲ್ಲಿ ಕ್ಲೋರಿನ್ ತಗೊಂಡು ಇನ್ನೊಂದು ಕೈಯಲ್ಲಿ ಕೊಡುತ್ತದೆ, ತಾನು ಖರ್ಚಾಗದೆ ಮುಂದಿನ ಗಿರಾಕಿಗೆ ಕಾಯುತ್ತದೆ.

ಈಗ ನೆರೆಯವರ ರಾಶಿಯನ್ನು ಮತ್ತೆ ನೋಡಿ. ಪೈಪು, ವೈರಿನ ಹೊದಿಕೆಯಿಂದ ಹೈಡ್ರೋಜನ್ ಕ್ಲೋರೈಡ್. ಸುತ್ತಲೂ ಗಾಳಿ. ವೈರಿನೊಳಗೆ ತಾಮ್ರ. ಡೀಕನ್ನನ ಕಾರ್ಖಾನೆ ಕಾಂಪೌಂಡಿನೊಳಗೇ ರೆಡಿ! ಜೊತೆಗೆ ಮರ, ಪ್ಲೈವುಡ್ ಅರೆಬರೆ ಸುಟ್ಟು ಹುಟ್ಟಿದ ಮಸಿ ಬೇರೆ. ಮಸಿ ಎಂದರೆ ಇಂಗಾಲದ ಉಂಗುರಗಳ ಗೋಜಲು. ತಾಮ್ರ ತಂದುಕೊಟ್ಟ ಕ್ಲೋರಿನ್ ಈ ಉಂಗುರಗಳಿಗೆ ಅಂಟುತ್ತದೆ, ಎರಡು ಉಂಗುರಗಳ ನಡುವೆ ಆಮ್ಲಜನಕದ ಎರಡು ಸೇತುವೆ ಬೀಳುತ್ತದೆ. ಡಯಾಕ್ಸಿನ್ ಎಂಬ ವಿಷ ಹುಟ್ಟುವುದು ಹೀಗೆ. ರಾಶಿಯಲ್ಲಿ ಅದು ಮೊದಲು ಇರಲೇ ಇಲ್ಲ, ಬೆಂಕಿಯೇ ಅದನ್ನು ಕಟ್ಟಿತು.

ಕಟ್ಟಲು ಬೇಕಾದ ಶಾಖ ಸುಮಾರು 200ರಿಂದ 450 ಡಿಗ್ರಿ. ಕಸ ಸುಡುವ ಒಳ್ಳೆಯ ಘಟಕಗಳಲ್ಲಿ ಅನಿಲವನ್ನು 850 ಡಿಗ್ರಿಯಲ್ಲಿ ಕನಿಷ್ಠ 2 ಸೆಕೆಂಡ್ ಇಟ್ಟು, ಆಮೇಲೆ ಬೇಗ ತಣಿಸುತ್ತಾರೆ. ಈ ಅಪಾಯದ ನಡುಪಟ್ಟಿಯನ್ನು ಓಡಿ ದಾಟಿಬಿಡಬೇಕು ಅಂತ. ಹಿತ್ತಲ ಬೆಂಕಿ ಓಡುವುದಿಲ್ಲ. ನಡುವೆ ಧಗಧಗ ಅಂದರೂ ಅಂಚು ಗಂಟೆಗಟ್ಟಲೆ ಅದೇ ಪಟ್ಟಿಯಲ್ಲಿ ಹೊಗೆಯಾಡುತ್ತಾ ಕೂರುತ್ತದೆ. ಸೀಮೆಎಣ್ಣೆ ಸುರಿದರೂ ಅಷ್ಟೇ. ಬೈಲ್‌ಸ್ಟೈನ್ ಪರೀಕ್ಷೆಯಲ್ಲೂ ಈ ಕುಲದ ವಿಷ ಚೂರುಪಾರು ಹುಟ್ಟುತ್ತದೆ, ಅದಕ್ಕೇ ಬೇಡ ಅಂದದ್ದು.

ಡಯಾಕ್ಸಿನ್ ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಮೈಯಲ್ಲಿ ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಒಂದು ಸಂಜೆಯ ಹೊಗೆ ಕುಡಿದ ಮಾತ್ರಕ್ಕೆ ಕ್ಯಾನ್ಸರ್ ಬಂದೇ ಬಿಡುತ್ತದೆ ಅಂತ ಹೆದರಿಸುವವರನ್ನೂ ನಾನು ನಂಬುವುದಿಲ್ಲ. ಜನರ ಮೈಗೆ ಅದು ಸೇರುವುದು ಹೆಚ್ಚಾಗಿ ಊಟದ ಮೂಲಕ. ಹೊಗೆ ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಇಳಿಯುತ್ತದೆ, ಹಸು ಮೇಯುತ್ತದೆ, ಕೋಳಿ ಕೆದಕುತ್ತದೆ, ಹಾಲು ಮೊಟ್ಟೆಯಲ್ಲಿ ವಾಪಸ್ ಬರುತ್ತದೆ. ಅದೇ ಸಂಜೆ ಎದೆಗೆ ಕಾಟ ಕೊಡುವುದು ಆಮ್ಲ, ಸಣ್ಣ ಕಣ, ಹಳೇ ಫೋಮ್ ಇದ್ದರೆ ಹೈಡ್ರೋಜನ್ ಸಯನೈಡ್. ಎನ್95 ಮಾಸ್ಕ್ ಕಣವನ್ನಷ್ಟೇ ತಡೆಯುತ್ತದೆ, ಅನಿಲವನ್ನಲ್ಲ. ಕಿಟಕಿ ಮುಚ್ಚಿ, ಮಕ್ಕಳನ್ನು ಆಚೆ ಬದಿಯ ಕೋಣೆಗೆ ಕಳಿಸಿ.

ಕಟ್ಟಡದ ಕಸವನ್ನು ಬಯಲಲ್ಲಿ ಸುಡುವುದು ಅನೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಅದಕ್ಕೇ ಕತ್ತಲಾಗಲಿ ಅಂತ ಕಾಯುತ್ತಾರೆ, ಅಲ್ವಾ? ಆದರೆ ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ ನೆಲ ಬೇಗ ತಣಿಯುತ್ತದೆ, ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಹಗಲು ಮೇಲೇರಿ ಹರಡಿಹೋಗುತ್ತಿದ್ದ ಹೊಗೆ ನೇರ ನಮ್ಮ ಮಲಗುವ ಕೋಣೆಗೆ ಬರುತ್ತದೆ.

ದೂರು ಕೊಡುವವರಿಗೆ ಒಂದು ಮಾತು. ಎಲ್ಲರೂ ಹೊಗೆಯ ಫೋಟೊ ತೆಗೆಯುತ್ತಾರೆ. ಹೊಗೆಯ ಫೋಟೊದಲ್ಲಿ ಹೊಗೆ ಕಾಣುತ್ತದೆ, ಅಷ್ಟೇ, ಒಣ ಎಲೆ ಸುಟ್ಟೆ ಅಂತ ಜಾರಿಕೊಳ್ಳಬಹುದು. ಬೆಂಕಿ ಹಚ್ಚುವ ಮೊದಲೇ ರಾಶಿಯ ಫೋಟೊ ತೆಗೆಯಿರಿ, ಪೈಪು, ವೈರು ಕಾಣುವ ಹಾಗೆ. ಬೆಳಿಗ್ಗೆ ಬೂದಿಯದ್ದೂ ಒಂದು, ಗೋಡೆಯ ಈಚೆಯಿಂದಲೇ. ತಾಮ್ರ ಕರಗಲು 1,085 ಡಿಗ್ರಿ ಬೇಕು, ಹಾಗಾಗಿ ಎಳೆಗಳು ಬೂದಿಯಲ್ಲಿ ಹಾಗೇ ಬಿದ್ದಿರುತ್ತವೆ, ಗುಜರಿಗೆ ಹಾಕುವವರು ಆರಿಸಿಕೊಳ್ಳುವ ಮೊದಲು. ದಿನ, ಹೊತ್ತು, ಗಾಳಿ ಬೀಸುತ್ತಿದ್ದ ದಿಕ್ಕು ಬರೆದಿಡಿ.

ಅದಕ್ಕೂ ಮೊದಲು ನಾನು ನೆರೆಯವರನ್ನು ಗೋಡೆ ಹತ್ತಿರ ಕರೆದು ಆ ಹಸಿರು ತೋರಿಸಿದೆ. ಡೀಕನ್ ಕಥೆಯನ್ನೂ ಹೇಳಿದೆ, ಅರ್ಧಕ್ಕೇ ಆಕಳಿಸಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: 'ಹೋದ ವಾರದ ಬೂದಿ ಬದನೆ ಗಿಡಕ್ಕೆ ಹಾಕಿದ್ದೀನಲ್ಲ?' ಆ ಗಿಡದ ಕಾಯಿ ತಿನ್ನಬೇಡಿ ಅಂದೆ. ಮಾರನೆಯ ದಿನದಿಂದ ವೈರಿನ ಸಿಂಬಿ ಬೆಂಕಿಗೆ ಬೀಳುತ್ತಿಲ್ಲ, ಮೆಟ್ಟಿಲ ಮೇಲೆ ಕೂತು ಚಾಕುವಿನಲ್ಲಿ ಸುಲಿಯುತ್ತಾರೆ. ಪ್ಲೈವುಡ್ ಮಾತ್ರ ಇನ್ನೂ ಸುಡುತ್ತಾರೆ. ಅದಕ್ಕೆ ಫೋಟೊ ಸಮೇತ ದೂರು ಹೋಗಿದೆ.