ಇಲಿಯ ಜೊತೆ ನಗರಕ್ಕೆ ಬಂದ ಲಾಡಿಹುಳು

ನಗರದ ಇಲಿ ಅಂದ ಕೂಡಲೇ ನೆನಪಾಗುವುದು ಪ್ಲೇಗು, ಇಲಿಜ್ವರ. ಲಾಡಿಹುಳು ಯಾರಿಗೂ ನೆನಪಾಗುವುದಿಲ್ಲ. ಅದು ಸರಿಯಾಗಿ ಬೇಯದ ಹಂದಿಮಾಂಸದಿಂದ ಬರುವ ಕಾಯಿಲೆ ಅಂತ ಶಾಲೆಯಲ್ಲಿ ಓದಿ ಅಲ್ಲಿಗೇ ಬಿಟ್ಟಿರುತ್ತೇವೆ, ಅಲ್ವಾ? ಆದರೆ ಲಾಡಿಹುಳುವಿನ ಕತೆಯಲ್ಲಿ ಇಲಿಯ ಪಾಲು ದೊಡ್ಡದು. ಈ ಹುಳು ಬದುಕುವ ರೀತಿ ಜನಕ್ಕೆ ಅರ್ಥವಾಗಿದ್ದರಲ್ಲೂ ಇಲಿಯ ಲಿವರ್‌ಗೆ ಒಂದು ಪಾಲಿದೆ.

ಹೆಗ್ಗಣದ ಲಿವರ್ ತೆರೆದು ನೋಡಿದರೆ ಕೆಲವೊಮ್ಮೆ ಕೆಂಗಂದು ಬಣ್ಣದ ನಡುವೆ ಬಟಾಣಿ ಕಾಳಿನಷ್ಟು ದೊಡ್ಡ ಬಿಳಿ ಗುಳ್ಳೆಗಳು ಕಾಣುತ್ತವೆ. ಗುಳ್ಳೆಯ ಸಿಪ್ಪೆ ಬಿಡಿಸಿದರೆ ಒಳಗೆ ಒಂದು ಬಿಳಿ ಹುಳು, ಮಡಿಚಿ ಇಟ್ಟ ಹಾಗೆ ಕೂತಿರುತ್ತದೆ. ನೀಟಾಗಿ ಚಾಚಿದರೆ ಕೆಲವು ಸೆಂಟಿಮೀಟರ್ ಉದ್ದ. ಒಂದು ತುದಿಯಲ್ಲಿ ಕೊಕ್ಕೆಗಳಿರುವ ತಲೆ, ಮೈತುಂಬ ಅಡ್ಡಗೆರೆ, ಇನ್ನೊಂದು ತುದಿಯಲ್ಲಿ ನೀರು ತುಂಬಿದ ಪುಟ್ಟ ಚೀಲ. ಹಿಂದಿನವರು ಇದನ್ನು ಬೇರೆಯೇ ಪ್ರಾಣಿ ಅಂದುಕೊಂಡು ಬೇರೆಯೇ ಹೆಸರಿಟ್ಟಿದ್ದರು. ಇಂಥ ಹುಳುಗಳು ದೇಹದೊಳಗೆ ತಾವಾಗೇ ಹುಟ್ಟುತ್ತವೆ ಅಂತ ನಂಬಿದವರೂ ಬಹಳ ಜನ ಇದ್ದರು.

1851ರ ಹೊತ್ತಿಗೆ ಜರ್ಮನಿಯ ವೈದ್ಯ ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್ ಸರಳವಾದ ಒಂದು ಪ್ರಯೋಗ ಮಾಡಿದ. ಮೊಲದ ಮೈಯಲ್ಲಿದ್ದ ಗುಳ್ಳೆಗಳನ್ನು ನರಿಗೆ ತಿನ್ನಿಸಿದ. ಆಮೇಲೆ ಇಲಿಯಲ್ಲಿದ್ದ ಗುಳ್ಳೆಗಳನ್ನು ಬೆಕ್ಕಿಗೆ ತಿನ್ನಿಸಿದ. ಎರಡರ ಕರುಳಲ್ಲೂ ಲಾಡಿಹುಳು ಬೆಳೆದಿತ್ತು. ಮುಂದೆ ಜರ್ಮನಿಯವನೇ ಆದ ಪ್ರಾಣಿವಿಜ್ಞಾನಿ ರುಡಾಲ್ಫ್ ಲ್ಯೂಕಾರ್ಟ್ ತಿರುಗಾ ಮುರುಗಾ ಮಾಡಿದ. ಬೆಕ್ಕಿನ ಲಾಡಿಹುಳುವಿನ ಮೊಟ್ಟೆಯನ್ನು ಇಲಿಗೆ ತಿನ್ನಿಸಿದ, ಲಿವರ್‌ನಲ್ಲಿ ಗುಳ್ಳೆ ಎದ್ದಿತು. ಅಲ್ಲಿಗೆ ಲೆಕ್ಕ ಸರಿಹೋಯಿತು. ಈ ಹುಳುವಿಗೆ ಎರಡು ಮನೆ ಬೇಕು. ಇಲಿಯಲ್ಲಿ ಮರಿಯಾಗಿ ಕಾಯುತ್ತದೆ. ಬೆಕ್ಕು ಆ ಇಲಿಯನ್ನು ತಿಂದರೆ ಬೆಕ್ಕಿನ ಕರುಳಲ್ಲಿ ದೊಡ್ಡದಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆ ಮಲದ ಜೊತೆ ಮಣ್ಣಿಗೆ ಬಿದ್ದು ಮತ್ತೆ ಇಲಿಯ ಬಾಯಿಗೆ ಹೋಗುತ್ತದೆ. ನಗರದಲ್ಲಿ ಇಲಿಯೂ ಜಾಸ್ತಿ, ಬೀದಿಬೆಕ್ಕೂ ಜಾಸ್ತಿ. ಹುಳುವಿಗೆ ಬೇರೇನೂ ಬೇಕಾಗಿಲ್ಲ.

ಬೆಕ್ಕಿನ ಈ ಹುಳು ಮನುಷ್ಯರಿಗೆ ಬರುವುದು ತೀರಾ ಅಪರೂಪ. ನಮಗೆ ತಗಲುವವು ಬೇರೆ. ಅದರಲ್ಲಿ ಒಂದು ಇಲಿಯ ಕರುಳಲ್ಲೇ ಬೆಳೆಯುವ ಲಾಡಿಹುಳು, ಹೈಮೆನೊಲೆಪಿಸ್ ಡಿಮಿನ್ಯೂಟ. ಅದು ಮರಿಯಾಗಿ ಕಾಯುವ ನಡುವಿನ ಮನೆ ಅಂದರೆ ಚಿಗಟ, ಇಲ್ಲವೇ ಹಳೇ ಹಿಟ್ಟಿನಲ್ಲಿ ಓಡಾಡುವ ಕಂದು ಬಣ್ಣದ ಸಣ್ಣ ಹುಳ. ಉಗ್ರಾಣದಲ್ಲಿ ಇಲಿ ಹಿಕ್ಕೆ ಹಾಕುತ್ತದೆ, ಹಿಟ್ಟಿನ ಹುಳ ಆ ಹಿಕ್ಕೆಯನ್ನೂ ಮೇಯುತ್ತದೆ, ಆ ಹುಳ ಗೊತ್ತಿಲ್ಲದೆ ಯಾರದ್ದೋ ಬಾಯಿಗೆ ಹೋದರೆ ಲಾಡಿಹುಳು ಅಲ್ಲಿ ಬೆಳೆಯುತ್ತದೆ. ಮನುಷ್ಯರಲ್ಲಿ ಇದು ಮೊದಲು ಕಂಡದ್ದು 1842ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ, 19 ತಿಂಗಳ ಮಗುವಿನಲ್ಲಿ. ಆ ವಯಸ್ಸಿನ ಮಗು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಇವತ್ತಿಗೂ ಸಿಗುವ ಪ್ರಕರಣಗಳಲ್ಲಿ ಹೆಚ್ಚಿನವರು ಮಕ್ಕಳೇ.

ಇದರ ದಾಯಾದಿ ಗಿಡ್ಡ ಲಾಡಿಹುಳು. ಉದ್ದ 4 ಸೆಂಟಿಮೀಟರ್ ದಾಟುವುದು ಕಷ್ಟ. 1851ರಲ್ಲಿ ಕೈರೋದಲ್ಲಿ ಜರ್ಮನಿಯ ವೈದ್ಯ ಥಿಯೊಡೋರ್ ಬಿಲ್ಹಾರ್ಜ್ ಸತ್ತ ಹುಡುಗನೊಬ್ಬನ ಕರುಳಲ್ಲಿ ಇದನ್ನು ನೋಡಿದ. ಬೇರೆ ಲಾಡಿಹುಳುಗಳ ಹಾಗೆ ಇದಕ್ಕೆ ಎರಡು ಮನೆ ಬೇಕೇಬೇಕು ಅಂತಿಲ್ಲ. ಮೊಟ್ಟೆ ನೇರವಾಗಿ ಬಾಯಿಗೆ ಹೋದರೂ ಸಾಕು, ಅದೇ ಕರುಳಲ್ಲಿ ಮರಿಯೂ ಆಗಿ ದೊಡ್ಡದೂ ಆಗುತ್ತದೆ. ಇದನ್ನು 1887ರಲ್ಲಿ ಇಟಲಿಯ ಗ್ರಾಸ್ಸಿ ತೋರಿಸಿದ. ಮನುಷ್ಯರಲ್ಲಿ ಅತಿ ಹೆಚ್ಚು ಕಾಣುವ ಲಾಡಿಹುಳು ಇದೇ. ಇಲಿಯಲ್ಲೂ ಇದೆ. ಆದರೆ ಇಲಿಯಲ್ಲಿರುವುದೂ ನಮ್ಮಲ್ಲಿರುವುದೂ ನಿಜವಾಗಿ ಒಂದೇನಾ ಅನ್ನುವ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದೇ ಇದೆ. ಹೆಚ್ಚಾಗಿ ಮಗುವಿನಿಂದ ಮಗುವಿಗೆ, ತೊಳೆಯದ ಕೈಯಿಂದ ಹರಡುತ್ತದೆ ಅನ್ನುವುದು ಗೊತ್ತಿರುವ ವಿಷಯ. ಹಾಗಾಗಿ ಇದರ ಪೂರ್ತಿ ಹೊಣೆ ಇಲಿಯ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ನಿಜವಾಗಿ ಭಯಪಡಬೇಕಾದ್ದು ಇನ್ನೊಂದಿದೆ. ನರಿಯ ಲಾಡಿಹುಳು, ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್. ದೊಡ್ಡದಾದರೂ 2ರಿಂದ 4 ಮಿಲಿಮೀಟರ್, ಅಷ್ಟೇ. ನರಿಯ ಕರುಳಲ್ಲಿ ಸಾವಿರಗಟ್ಟಲೆ ಇದ್ದರೂ ನರಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಇದರ ಮರಿ ಬೆಳೆಯುವುದು ವೋಲ್ ಅನ್ನುವ ಗಿಡ್ಡ ಬಾಲದ ಹುಲ್ಲಿಲಿಯ ಲಿವರ್‌ನಲ್ಲಿ. ಒಂದು ಕಡೆ ಗುಳ್ಳೆಯಾಗಿ ಸುಮ್ನೆ ಕೂರುವುದಿಲ್ಲ, ಗಡ್ಡೆಯ ಹಾಗೆ ಸುತ್ತಲೂ ಬೇರು ಬಿಡುತ್ತಾ ಹೋಗುತ್ತದೆ. ಇಲಿಯ ಆಯುಸ್ಸು ಕಡಿಮೆ, ಅದಕ್ಕೇ ಹುಳುವಿಗೂ ಅವಸರ. ಎರಡು ಮೂರು ತಿಂಗಳಲ್ಲಿ ನರಿಗೆ ದಾಟಲು ತಯಾರಾಗಿರುತ್ತದೆ.

ಇದರ ಮೊಟ್ಟೆ ಮನುಷ್ಯರ ಬಾಯಿಗೆ ಹೋದರೆ? ನಮ್ಮನ್ನು ಅದು ಇಲಿಯ ಹಾಗೇ ನೋಡಿಕೊಳ್ಳುತ್ತದೆ. ಅದೇ ಲಿವರ್, ಅದೇ ಗಡ್ಡೆ. ಬೆಳವಣಿಗೆ ಮಾತ್ರ ನಿಧಾನ. 5ರಿಂದ 15 ವರ್ಷ ಏನೂ ಗೊತ್ತಾಗುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನವರು ಉಳಿಯುವುದಿಲ್ಲ. ಇಲ್ಲೊಂದು ಮಾತು ಸ್ಪಷ್ಟವಾಗಬೇಕು, ಏಕೆಂದರೆ ಜನ ತಪ್ಪು ತಿಳಿಯುವುದು ಇಲ್ಲೇ. ಈ ಹುಳು ಇಲಿಯನ್ನು ಮುಟ್ಟಿದರೆ ಬರುವುದಿಲ್ಲ. ಇಲಿ ತಿಂದ ನರಿ ಅಥವಾ ನಾಯಿಯ ಮಲದಲ್ಲಿರುವ ಮೊಟ್ಟೆಯಿಂದ ಬರುತ್ತದೆ. ಇಲಿ ನಮ್ಮ ಹಾಗೇ ಸಿಕ್ಕಿಬಿದ್ದ ಪ್ರಾಣಿ.

ಜರ್ಮನಿಯ ವೈದ್ಯರು ಮೊದಲು ಇದನ್ನು ಕ್ಯಾನ್ಸರ್ ಅಂತಲೇ ತಿಳಿದಿದ್ದರು. ಇದು ಹುಳುವಿನ ಕೆಲಸ ಅಂತ 1855ರಲ್ಲಿ ರುಡಾಲ್ಫ್ ವಿರ್ಕೋ ಹೇಳಿದ. ಆದರೆ ಹುಳು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾಗಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. 1950ರ ದಶಕದ ಆರಂಭದಲ್ಲಿ ಅಲಾಸ್ಕಾದ ಸೇಂಟ್ ಲಾರೆನ್ಸ್ ದ್ವೀಪದಲ್ಲಿ ಅಮೆರಿಕದ ವಿಜ್ಞಾನಿಗಳಾದ ರಾಬರ್ಟ್ ರೌಶ್ ಮತ್ತು ಎವರೆಟ್ ಶಿಲ್ಲರ್ ಹುಲ್ಲಿಲಿ ಮತ್ತು ನರಿಯ ನಡುವಿನ ಈ ಸುತ್ತನ್ನು ಕಂಡುಕೊಂಡರು. ಯುರೋಪಿನಲ್ಲೂ ಹೀಗೇ ಅಂತ ಕೆಲವೇ ವರ್ಷಗಳಲ್ಲಿ ಜರ್ಮನಿಯ ಹಾನ್ಸ್ ಫೋಗೆಲ್ ತೋರಿಸಿದ.

ಅಷ್ಟು ಹೊತ್ತಿಗೆ ಜಪಾನಿನ ರೆಬುನ್ ದ್ವೀಪದಲ್ಲಿ ಅನಾಹುತ ನಡೆದುಹೋಗಿತ್ತು. ಇಡೀ ಇತಿಹಾಸದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ. ಅಲ್ಲಿ ಇಲಿಗಳ ಕಾಟ ಹೆಚ್ಚಾಗಿತ್ತು. 1924ರಿಂದ 1926ರ ನಡುವೆ ಇಲಿ ಹಿಡಿಯಲಿ, ತುಪ್ಪಳವೂ ಸಿಗಲಿ ಅಂತ ಕುರಿಲ್ ದ್ವೀಪಗಳಿಂದ ನರಿಗಳನ್ನು ತಂದು ಬಿಟ್ಟರು. ನರಿಗಳ ಹೊಟ್ಟೆಯಲ್ಲಿ ಹುಳು ಬಂತು. ದ್ವೀಪದಲ್ಲಿ ಇಲಿಗಳು ಮೊದಲೇ ತುಂಬಿದ್ದವು, ಸಾಕುನಾಯಿಗಳೂ ಇದ್ದವು. ಸುಮಾರು ಹತ್ತು ವರ್ಷದ ಮೇಲೆ ಜನ ಒಬ್ಬೊಬ್ಬರಾಗಿ ಕಾಯಿಲೆ ಬೀಳತೊಡಗಿದರು. ಕೊನೆಗೆ ಸಂಖ್ಯೆ ನೂರು ದಾಟಿತು. ಆ ಹುಳುವನ್ನು ತೊಲಗಿಸಲು ದ್ವೀಪದ ನರಿ, ನಾಯಿಗಳನ್ನೇ ಇಲ್ಲವಾಗಿಸಬೇಕಾಯಿತು. ಆದರೂ 1965ರಲ್ಲಿ ಹೊಕ್ಕೈಡೋ ಮುಖ್ಯ ದ್ವೀಪದ ಪೂರ್ವ ಭಾಗದಲ್ಲಿ ಅದೇ ಕಾಯಿಲೆ ಕಂಡಿತು. ಈಗ ಅಲ್ಲಿನ ಸಪ್ಪೊರೊ ನಗರದ ಒಳಗಿರುವ ನರಿಗಳಲ್ಲೂ ಹುಳು ಇದೆ.

ಯುರೋಪಿನ ನಗರಗಳಿಗೆ ಅದು ಬಂದ ದಾರಿ ಬೇರೆ. 1978ರಲ್ಲಿ ಸ್ವಿಟ್ಜರ್ಲೆಂಡ್ ನರಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಕೊಡಲು ಶುರುಮಾಡಿತು. ಕೋಳಿ ತಲೆಯೊಳಗೆ ಲಸಿಕೆ ಇಟ್ಟು ಕಾಡಿನಲ್ಲಿ ಹಾಕಿದರು. ಒಳ್ಳೆಯ ಕೆಲಸ, ರೋಗ ಅಳಿಯಿತು. ರೋಗಕ್ಕೆ ಸಾಯುತ್ತಿದ್ದ ನರಿಗಳು ಉಳಿದವು, ಸಂಖ್ಯೆ ಏರಿತು. 1980ರ ದಶಕದ ನಡುವಿನಿಂದ ಜ್ಯೂರಿಕ್ ನಗರದ ತೋಟ, ಪಾರ್ಕುಗಳಲ್ಲಿ ನರಿಗಳು ಸಂಸಾರ ಹೂಡಿದವು. ಕಸದಲ್ಲಿ ಊಟ ಸಿಗುತ್ತದೆ, ಬೇಟೆಗಾರರಿಲ್ಲ. ನಗರದ ನಟ್ಟನಡುವೆ ಹುಲ್ಲಿಲಿ ಕಡಿಮೆ. ಆದರೆ ನಗರದ ಅಂಚಿನಲ್ಲಿ, ಜನ ವಾಕಿಂಗ್ ಹೋಗುವ, ನಾಯಿ ಬಿಡುವ ಹುಲ್ಲುಗಾವಲಿನಲ್ಲಿ, ಇಲಿಯೂ ಇದೆ, ನರಿಯೂ ಇದೆ. ಹುಳುವಿನ ಸುತ್ತು ಜೋರಾಗಿ ತಿರುಗುವುದು ಅಲ್ಲೇ. ಕೆನಡಾದ ಕ್ಯಾಲ್ಗರಿ, ಎಡ್ಮಂಟನ್ ನಗರಗಳಲ್ಲಿ ನರಿಯ ಜಾಗಕ್ಕೆ ತೋಳದ ಜಾತಿಯ ಕಯೋಟಿ ಬಂದಿದೆ, ಉಳಿದದ್ದೆಲ್ಲ ಹಾಗೇ.

ಇಲಿಗೆ ಪಾಷಾಣ ಇಟ್ಟು ಈ ಹುಳುವನ್ನು ಮುಗಿಸಲು ಆಗುವುದಿಲ್ಲ. ಜ್ಯೂರಿಕ್‌ನಲ್ಲಿ ವಿಜ್ಞಾನಿಗಳು ಹಿಡಿದದ್ದು ಇನ್ನೊಂದು ತುದಿಯನ್ನು. ಪ್ರಾಜಿಕ್ವಾಂಟೆಲ್ ಅನ್ನುವ ಹುಳುವಿನ ಔಷಧಿ ಸೇರಿಸಿದ ತಿಂಡಿಯನ್ನು ಪ್ರತಿ ತಿಂಗಳೂ ನರಿಗಳು ಓಡಾಡುವ ಜಾಗದಲ್ಲಿ ಹಾಕುತ್ತಾ ಬಂದರು. ನರಿಯ ಮಲದಲ್ಲಿ ಹುಳುವಿನ ಗುರುತು ಚೆನ್ನಾಗಿ ಇಳಿಯಿತು, ಅದೇ ಜಾಗದ ಹುಲ್ಲಿಲಿಗಳಲ್ಲೂ ಇಳಿಯಿತು. ಇಲಿ ಹಿಡಿದು ತಿನ್ನುವ ನಾಯಿಗೂ ಇದೇ ಔಷಧಿ. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ, ಇನ್ನೊಂದು ಇಲಿ ತಿಂದರೆ ಹುಳು ಮತ್ತೆ ಬರುತ್ತದೆ. ಅದಕ್ಕೇ ಹುಳು ಇರುವ ಊರುಗಳಲ್ಲಿ ಅಂಥ ನಾಯಿಗೆ ತಿಂಗಳಿಗೊಮ್ಮೆ ಕೊಡಿ ಅಂತ ಪಶುವೈದ್ಯರು ಹೇಳುವುದು. ಇನ್ನು ಮಣ್ಣಿಗೆ ಬಿದ್ದ ಮೊಟ್ಟೆ ತಂಪು, ತೇವ ಇದ್ದರೆ ತಿಂಗಳುಗಟ್ಟಲೆ ಬದುಕಿರುತ್ತದೆ. ಮನೆಯ ಫ್ರೀಜರ್‌ನ ಚಳಿಗೂ ಸಾಯುವುದಿಲ್ಲ. ನೆಲಕ್ಕೆ ತಾಗಿ ಬೆಳೆದ ಸೊಪ್ಪು, ಹಣ್ಣು ಇದ್ದರೆ ಬೇಯಿಸಿದರೆ ಮಾತ್ರ ಪೂರ್ತಿ ನಂಬಬಹುದು.